ಏರಿನಲ್ಲಿ ನಿಲ್ಲುವ ಲಾರಿ

ರಂಗಂಪೇಟೆಯ ಮರಿಲಿಂಗಪ್ಪನ ಮನೆಗೆ ಲಾರಿ ಬಂದ ದಿನ ಇಡೀ ಓಣಿ ಬಾಗಿಲಿಗೆ ಬಂದು ನಿಂತಿತ್ತು. ಹೊಸ ಲಾರಿಯೇನಲ್ಲ. ಯಾದಗಿರಿಯಲ್ಲಿ ಯಾರೋ ಓಡಿಸಿ, ದಣಿಸಿ, ಮಾರಾಟಕ್ಕಿಟ್ಟಿದ್ದ ಹಳೇ ಗಾಡಿ. ಮೈಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ಆದರೆ ನಮ್ಮ ಮಂದಿಗೆ ಅದೇನು ಲೆಕ್ಕ? ತಮ್ಮ ಅಂಗಳದಲ್ಲಿ ನಿಂತದ್ದೇ ಹೊಸದು.

ಇದಕ್ಕೆಲ್ಲ ಕಾರಣ ಕಾಲುವೆ. ಕಾಲುವೆ ಅಗಿಯುತ್ತಿದ್ದ ವರ್ಷಗಳಲ್ಲಿ ಮರಿಲಿಂಗಪ್ಪನ ಮಗ ಅಂಬ್ರಪ್ಪ ಗುತ್ತೇದಾರನ ಟಿಪ್ಪರ್ ಓಡಿಸುತ್ತಿದ್ದ. ಕಾಲುವೆ ಮುಗಿಯಿತು. ಗುತ್ತೇದಾರ ಗಂಟುಮೂಟೆ ಕಟ್ಟಿದ, ಅಂಬ್ರಪ್ಪ ಮನೆಯ ಕಟ್ಟೆಯ ಮೇಲೆ ಕೂತ. ಅಷ್ಟರಲ್ಲಿ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಭತ್ತ ಶಹಾಪುರದ ಮಿಲ್ಲಿಗೆ ಹೋಗಬೇಕು, ಹೋಗಲು ಗಾಡಿ ಬೇಕು. "ಒಂದು ಲಾರಿ ಇದ್ರ ನಾವೂ ಮನಷ್ಯಾರಾಗ್ತೀವಿ" ಎಂದು ಅಂಬ್ರಪ್ಪ ಮನೆಯವರ ಕಿವಿ ತೂತು ಮಾಡಿದ. ಕೊನೆಗೆ ಎತ್ತಿನ ಜೋಡಿ ಮಾರಿ ಲಾರಿ ತಂದರು. ಎತ್ತುಗಳನ್ನು ಹೊಡೆದುಕೊಂಡು ಹೋದ ದಿನ ಮರಿಲಿಂಗಪ್ಪ ಉಣ್ಣಲಿಲ್ಲ. ಹಸಿವಿಲ್ಲ ಎಂದ, ಅಷ್ಟೇ.

ಲಾರಿ ಹುಡುಕಿಕೊಟ್ಟವನು ಸಾಬಣ್ಣ, ಅಂಬ್ರಪ್ಪನ ಹೆಂಡತಿ ಮಲ್ಲಾಬಾಯಿಯ ಅಣ್ಣ. ಕೊಂಕಲ್ ಊರಿನವನು, ಯಾದಗಿರಿಯ ಅಕ್ಕಿ ಮಿಲ್ಲಿನಲ್ಲಿ ಡ್ರೈವರ್. ಮುಂದಿನ ರಾಮಾಯಣಕ್ಕೆಲ್ಲ ಇದೇ ಬಾಲಕಾಂಡ.

ಸಾಬಣ್ಣ ತಾನೇ ಲಾರಿ ಓಡಿಸಿಕೊಂಡು ಬಂದ. ತಂಗಿಯ ಮನೆಗೆ ಬರಿಗೈಲಿ ಬರಬಾರದೆಂದು ಅವಳ ಅತ್ತೆ ತಿಮ್ಮವ್ವನಿಗೆ ಕೆಂಪಂಚಿನ ಹಸಿರು ಕುಬಸದ ಖಣ ತಂದಿದ್ದ. ತಿಮ್ಮವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, ಕಣ್ಣಿಗೊತ್ತಿಕೊಂಡು, "ಚಲೋ ಐತ್ಯೋ ಸಾಬಣ್ಣ, ಭಾಳ ಚಲೋ ಐತಿ" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ಶಾಸ್ತ್ರ ಬಿಡುವ ಹೆಂಗಸಲ್ಲ ಆಕೆ. ಮನೆಗೆ ಆಕಳು ಬಂದರೂ ಆರತಿ, ಕುಂಟೆ ಬಂದರೂ ಆರತಿ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಿಸಿದಳು, ಕಾಯಿ ಒಡೆಸಿದಳು, ಆಮೇಲೆ ಸುತ್ತಲೂ ಒಂದು ಸುತ್ತು ಬಂದು ಮಗನನ್ನು ಕೇಳಿದಳು.

"ಅಂಬ್ರ್ಯಾ, ಇದ್ರ ಹೊಟ್ಟಿ ಎಲ್ಲೈತ್ಯೋ?"

ಅಂಬ್ರಪ್ಪ ನಕ್ಕು ಡೀಸೆಲ್ ಟ್ಯಾಂಕನ್ನು ತಟ್ಟಿ ತೋರಿಸಿದ. "ಇದ ನೋಡಬೇ ಹೊಟ್ಟಿ. ತುಂಬಿದ್ರ ಓಡ್ತೈತಿ, ಖಾಲಿ ಆದ್ರ ಮಲಗ್ತೈತಿ."

"ನಿನ್ನಂಗ ಅನ್ನು" ಎಂದಳು ತಿಮ್ಮವ್ವ. ಮರಿಲಿಂಗಪ್ಪನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು. ಸಾಬಣ್ಣ ಹೋಳಿಗೆ ಉಂಡು, ತಂಗಿಯ ತಲೆ ಮುಟ್ಟಿ, ಸಂಜೆಯ ಬಸ್ಸಿಗೆ ಹೋದ. ಆ ಮನೆಯಲ್ಲಿ ಅವನು ನೆಮ್ಮದಿಯಿಂದ ಉಂಡದ್ದು ಅದೇ ಕೊನೆ.

ಮೊದಲ ಬಾಡಿಗೆ ಬೋನಾಳದಿಂದ ಸಿಕ್ಕಿತು. ಭತ್ತದ ಚೀಲ ಹೇರಿಕೊಂಡು ಅಂಬ್ರಪ್ಪ ಮೀಸೆ ತಿರುವುತ್ತ ಹೊರಟ. ಶಹಾಪುರದ ದಾರಿಯ ಏರಿನಲ್ಲಿ ಲಾರಿ ತಡವರಿಸಿತು. ಎಕ್ಸಲೇಟರ್ ಒತ್ತಿದರೆ ದಮ್ಮಿಲ್ಲ, ಬಿಕ್ಕಳಿಕೆ ಬಂದವರ ಹಾಗೆ ಎರಡು ಸಲ ಜಗ್ಗಿ ನಿಂತೇಬಿಟ್ಟಿತು. ಅಂಬ್ರಪ್ಪ ಕೆಳಗಿಳಿದು ಬಾನೆಟ್ ಎತ್ತಿ ನೋಡಿದ, ಗಾಲಿಗೆ ಒದ್ದ, ಬೀಡಿ ಸೇದಿದ. ಬೀಡಿ ಮುಗಿಸಿ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡಿತು. ಮುಂದಿನ ಏರಿನಲ್ಲಿ ಮತ್ತೆ ಅದೇ ಹಾಡು. ಮಿಲ್ಲು ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿತ್ತು. ಭತ್ತದವನು ನಡುರಸ್ತೆಯಲ್ಲಿ ನಿಂತು ಬೈದ ಬೈಗುಳ ಅಂಬ್ರಪ್ಪನಿಗಿಂತ ಮೊದಲೇ ರಂಗಂಪೇಟೆ ಮುಟ್ಟಿತ್ತು.

ಸುರಪುರದ ಮಿಸ್ತ್ರಿ ಬಂದ. "ಗಾಳಿ ಹಿಡದೈತಿ" ಎಂದು ಪೈಪಿನ ಬೋಲ್ಟು ಸಡಿಲಿಸಿ ಗುಳ್ಳೆ ಹೋಗುವವರೆಗೆ ಪಂಪು ಹೊಡೆದ. ಅಂಗಳದಲ್ಲಿ ಇಂಜಿನ್ನು ಬಂಗಾರದಂತೆ ಓಡಿತು. ಏರಿನಲ್ಲಿ ನಿಂತಿತು. ಫಿಲ್ಟರ್ ಬದಲಾಯಿಸಿದರು. ಏರಿನಲ್ಲಿ ನಿಂತಿತು. ಪಂಪು ಬಿಚ್ಚಿ ತೊಳೆದರು, ನೋಝಲ್ ಬಿಚ್ಚಿ ಊದಿದರು. ನಿಲ್ಲುವುದೆಂದರೆ ನಿಲ್ಲುವುದೇ. ಖಾಲಿ ಇದ್ದಾಗ ಕುದುರೆ, ಚೀಲ ಹೇರಿದರೆ ಕತ್ತೆ.

ಬಾಡಿಗೆಗಳು ಕೈಬಿಟ್ಟವು. ಮನೆಯ ಹೊಲ ಉಳಲು ಎತ್ತಿಲ್ಲ. ಕಾಲುವೆಯ ನೀರು ಬದುವಿನವರೆಗೆ ಬಂದು ನಿಂತಿದೆ, ಒಳಗೆ ಬಿಟ್ಟುಕೊಳ್ಳಲು ಹೊಲ ಹದವಾಗಿಲ್ಲ. ಮರಿಲಿಂಗಪ್ಪ ಬೆಳಗಾದರೆ ಎತ್ತು ಕಡ ಕೇಳಲು ಊರು ತಿರುಗುತ್ತಿದ್ದ. ಮಲ್ಲಾಬಾಯಿ ಕಸ, ಮುಸುರೆ, ರೊಟ್ಟಿ ಮುಗಿಸಿ ಬೇರೆಯವರ ಗದ್ದೆಗೆ ಕಳೆ ಕೀಳಲು ಹೋಗತೊಡಗಿದಳು. ಸಂಜೆ ಕಾಲಿನ ಕೆಸರು ತೊಳೆಯುವ ಮೊದಲೇ ಮಾತು ಶುರುವಾಗುತ್ತಿತ್ತು.

"ಪಲ್ಲೇಕ ಉಪ್ಪ ಜಾಸ್ತಿ ಆಗೈತಿ" ಎನ್ನುತ್ತಿದ್ದಳು ತಿಮ್ಮವ್ವ. "ನಿಮ್ಮ ತವರಮನಿ ಕೈ, ಏನು ಕೊಟ್ರೂ ಹಿಂಗ."

"ಅತ್ತಿ, ಪಲ್ಲೆ ನೀವ ಮಾಡೀರಿ ಇವತ್ತು."

"ಹೂನವ್ವ, ಮಾತಿಗೇನೂ ಕಮ್ಮಿ ಇಲ್ಲ. ಮಾತಿನ್ಯಾಗ ಲಾರಿ ಓಡೋದಿದ್ರ ಇಷ್ಟೊತ್ತಿಗಿ ಹೈದ್ರಾಬಾದ್ ಮುಟ್ಟತಿತ್ತು."

ಸಾಬಣ್ಣನಿಗೆ ಹೇಳಿ ಕಳಿಸಿದರು. ಅವನು ಮಿಲ್ಲಿಗೆ ರಜೆ ಹಾಕಿ ಓಡಿ ಬಂದ. ಲಾರಿಯನ್ನು ಸುರಪುರದ ಸುತ್ತ ಓಡಿಸಿ ನೋಡಿದ. ಎಲ್ಲೂ ನಿಲ್ಲಲಿಲ್ಲ. ಬೆವರು ಒರೆಸಿಕೊಳ್ಳುತ್ತ ಊಟಕ್ಕೆ ಕೂತ. ಮಲ್ಲಾಬಾಯಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

"ಮಾವ, ನಾ ಓಡಿಸಿ ನೋಡೀನ ಕೊಡ್ಸೇನ್ರಿ" ಎಂದು ಅಂಬ್ರಪ್ಪನಿಗೆ ಹೇಳಿದ. "ಈಗೂ ನೋಡ್ರಿ, ಎಲ್ಲೆರ ನಿಂತೈತೇನು?"

"ಖಾಲಿ ಗಾಡಿ ಓಡ್ಸಿ ಊರಿಗಿ ತೋರ್ಸಾಕ ತಗೊಂಡೀವೇನು ನಾವು?"

ತಿಮ್ಮವ್ವ ಒಲೆಯ ಹತ್ತಿರದಿಂದಲೇ ಅಂದಳು: "ಉಣ್ಣು ಸಾಬಣ್ಣ, ಹೊಟ್ಟಿ ತುಂಬ ಉಣ್ಣು. ನಮ್ಮ ಎತ್ತು ಯಾರ ಹೊಟ್ಟಿಗಿ ಹೋದ್ವೋ ದೇವ್ರಿಗಿ ಗೊತ್ತು."

ಸಾಬಣ್ಣನ ಕೈ ತಾಟಿನಲ್ಲೇ ನಿಂತಿತು. "ಅತ್ತಿ, ನಮ್ಮಪ್ಪನ ಆಣಿ ಮಾಡಿ ಹೇಳ್ತೀನಿ, ಇದ್ರಾಗ ನಾ ಒಂದು ಕಪ್ ಚಾ ಸುದ್ದಾ ಕುಡದಿಲ್ರಿ."

"ಸತ್ತವ್ರ ಆಣಿ ಅಗ್ಗ ಇರ್ತೈತಿ. ಒಯ್ಯಿ. ಲಾರಿನೂ ಒಯ್ಯಿ, ಜೋಡಿಗಿ ನಿನ್ನ ತಂಗೀನೂ ಒಯ್ಯಿ. ಎರಡೂ ನಿಮ್ಮ ಮನಿ ಸಾಮಾನ."

ಮಲ್ಲಾಬಾಯಿ ಗಂಡನ ಮುಖ ನೋಡಿದಳು. "ಸುಮ್ಮಿರಬೇ" ಎಂದು ಅವನು ಅವ್ವನಿಗೆ ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಅಂಬ್ರಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. ಮರಿಲಿಂಗಪ್ಪ ನೀರು ಕುಡಿದ. ಸಾಬಣ್ಣ ಅರ್ಧ ರೊಟ್ಟಿ ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿಕೊಂಡು, ತಂಗಿಯನ್ನು ತಿರುಗಿಯೂ ನೋಡದೆ ಹೊರಟುಹೋದ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದರು. ಮಲ್ಲಾಬಾಯಿ ಆ ತಾಟನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಒಮ್ಮೆ ಬಾಯಿಂದ ಬಿದ್ದ ಮಾತು ಮನೆಯಲ್ಲಿ ಸಂಸಾರ ಹೂಡಿತು. ದಿನಾ ಊಟಕ್ಕೆ ಕೂತಾಗ ಅದೂ ಬಂದು ಕೂಡುತ್ತಿತ್ತು. ಕೊನೆಗೆ ಅಂಬ್ರಪ್ಪನೇ ಹೇಳಿದ. "ಹುಣ್ಣಿಮಿ ಆದ ಮ್ಯಾಲ ಕೊಂಕಲ್‌ಗಿ ಹೋಗೋಣು. ಲಾರಿ ಅವನ ಬಾಗಿಲದಾಗ ನಿಲ್ಲಸ್ತೀನಿ. ರೊಕ್ಕ ತಿರುಗಿಸಿ ಕೊಡೂತನ ನೀನೂ ಅಲ್ಲೇ ಇರು."

"ಕೊಡಲಿಲ್ಲಂದ್ರ?"

ಅಂಬ್ರಪ್ಪ ಎದ್ದು ಕೈ ತೊಳೆಯಲು ಹೋದ.

ಮಲ್ಲಾಬಾಯಿಗೆ ಉತ್ತರ ಗೊತ್ತಿತ್ತು. ಯಾದಗಿರಿಯ ಮಾರಿದವನು ಲಾರಿ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಅದು ಅಣ್ಣನ ಕೊರಳಿಗೆ ಬೀಳುತ್ತದೆ, ಅದರ ಜೊತೆ ತಾನೂ. ಕೊಂಕಲ್‌ನ ಮನೆ ಎಂದರೆ ಎರಡು ಅಂಕಣ. ಅಣ್ಣ, ಅತ್ತಿಗೆ ಕರೆಮ್ಮ, ಅವರ ಮಕ್ಕಳು ಕಾಲು ಚಾಚಿದರೆ ಗೋಡೆ. ಹಬ್ಬಕ್ಕೆ ಬಂದ ಹೆಣ್ಣುಮಗಳಿಗೆ ಅಲ್ಲಿ ಜಾಗ ಉಂಟು, ಗಂಡ ತಂದು ಬಿಟ್ಟುಹೋದ ಹೆಣ್ಣುಮಗಳಿಗೆ ಎಲ್ಲಿದೆ? ಇಲ್ಲಿರಲು ಬಿಡುವುದಿಲ್ಲ, ಅಲ್ಲಿಗೆ ಹೋಗಲು ಮುಖವಿಲ್ಲ. ಇಡೀ ಬಾಳು ಒಂದು ಹಾಳು ಇಂಜಿನ್ನಿನ ಕೈಗೆ ಸಿಕ್ಕಿತ್ತು.

ಹುಣ್ಣಿಮೆ ಆಯಿತು. ಸೀರೆ ಕುಬಸ ಕಟ್ಟಿಕೊಂಡ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮಲ್ಲಾಬಾಯಿ ಲಾರಿ ಹತ್ತಿದಳು. ಅಂಬ್ರಪ್ಪನ ಶಾಣ್ಯಾತನ ನೋಡಿ, ಹೆಂಡತಿಯನ್ನು ತವರಿಗೆ ಎಸೆಯಲು ಹೊರಟವನು ಖಾಲಿ ಹೋಗುವುದು ಯಾಕೆಂದು ಶಹಾಪುರದ ಮಿಲ್ಲಿಗೆ ಒಂದಿಷ್ಟು ಭತ್ತದ ಚೀಲ ಹೇರಿಕೊಂಡಿದ್ದ! ತಿಮ್ಮವ್ವ ಬಾಗಿಲಿಗೆ ಬರಲಿಲ್ಲ. ಮರಿಲಿಂಗಪ್ಪ ಮಾತ್ರ ಬಂದು, "ನೀರ್ ಕುಡೀತಾ ಹೋಗವ್ವ, ಬಿಸಲೈತಿ" ಎಂದ.

ಕಾಲುವೆಯ ಸೇತುವೆ ದಾಟಿ ಏರು ಬಂದಾಗ ಲಾರಿ ತಡವರಿಸಿತು, ಜಗ್ಗಿತು, ನಿಂತಿತು. ಅಂಬ್ರಪ್ಪ ಬೀಡಿ ಹಚ್ಚಿದ. ಬೀಡಿ ಮುಗಿದ ಮೇಲೆ ಚಾಲೂ ಆಯಿತು. ಇನ್ನೊಂದು ಏರಿನಲ್ಲಿ ಮತ್ತೆ ನಿಂತಿತು. ಇಷ್ಟು ದಿನ ಇದರ ಸುದ್ದಿಯನ್ನಷ್ಟೇ ಕೇಳಿದ್ದ ಮಲ್ಲಾಬಾಯಿ ಮೊದಲ ಸಲ ಕಣ್ಣಾರೆ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಮನೆಯ ಮಜ್ಜಿಗೆಯ ಗಿಂಡಿ ನೆನಪಾಯಿತು.

"ಏನ್ರಿ, ಒಂದ್ ಮಾತು."

"ಸುಮ್ಮ ಕೂಡು."

"ಗಿಂಡ್ಯಾಗ ಕರಿಬೇವಿನ ಎಲಿ ಬಿದ್ದಿರ್ತೈತಿ ನೋಡ್ರಿ. ಬಗ್ಗಿಸಿದ್ರ ಎಲಿ ಬಂದು ಸೊಂಡಿಗಿ ಕೂಡ್ತೈತಿ, ಮಜ್ಜಿಗಿ ನಿಲ್ತೈತಿ. ಕೆಳಗಿಟ್ರ ಎಲಿ ತೇಲಿ ಹೋಗ್ತೈತಿ, ಮತ್ತ ಚಲೋ ಬೀಳ್ತೈತಿ. ಇದೂ ಹಂಗ ಮಾಡಾಕತ್ತೈತಿ. ಒಳಗ ಏನೋ ಓಡಾಡಾಕತ್ತೈತಿ."

"ಇಂಜಿನ್ ಅಂದ್ರ ಮಜ್ಜಿಗಿ ಗಿಂಡಿ ಅನ್ಕೊಂಡೀಯೇನು?" ಎಂದ ಅಂಬ್ರಪ್ಪ.

ಶಹಾಪುರ ಊರ ಹೊರಗಿನ ಏರಿನಲ್ಲಿ ಲಾರಿ ಮೂರನೆಯ ಸಲ ನಿಂತದ್ದು ಮಸ್ತಾನಸಾಬನ ಗ್ಯಾರೇಜಿನ ಎದುರೇ. ಮುದುಕ ಮಿಸ್ತ್ರಿ, ಟಯರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅಂಬ್ರಪ್ಪ ಬಾಯಿಗೆ ಬಂದಂತೆ ಲಾರಿಯನ್ನು, ಅದನ್ನು ಕೊಡಿಸಿದವನನ್ನು ಬೈಯುತ್ತ ಇಳಿದ. ಮಸ್ತಾನಸಾಬ ಎಲ್ಲ ಕೇಳಿಸಿಕೊಂಡ.

"ಎಲ್ಲಾ ಬಿಚ್ಚಿ ನೋಡ್ಯಾರ ಅಂದಿ. ಟ್ಯಾಂಕ್ ನೋಡ್ಯಾರೇನು?"

"ಟ್ಯಾಂಕಿನ್ಯಾಗ ಏನ್ ನೋಡೋದೈತಿ ಚಾಚಾ, ಡೀಸೆಲ್ ಇರ್ತೈತಿ."

ಮಲ್ಲಾಬಾಯಿ ಮೇಲಿನಿಂದಲೇ ಗಿಂಡಿಯ ಮಾತನ್ನು ಇನ್ನೊಮ್ಮೆ ಹೇಳಿದಳು. ಮಸ್ತಾನಸಾಬ ಚಹಾದ ಕಪ್ಪು ಕೆಳಗಿಟ್ಟ. "ಬರೋಬ್ಬರಿ ಮಾತು ಅದ. ನೋಡೇ ಬಿಡಾಮು ತಡಿ."

ಅವನು ಮಾಡಿದ ಉಪಾಯ ಸರಳ. ಒಂದು ಡಬ್ಬಿಯಲ್ಲಿ ಡೀಸೆಲ್ ತುಂಬಿ ಎತ್ತರದಲ್ಲಿ ಕಟ್ಟಿದ. ಟ್ಯಾಂಕಿನ ಪೈಪು ಬಿಡಿಸಿ, ಡಬ್ಬಿಯಿಂದಲೇ ಇಂಜಿನ್ನಿಗೆ ಪೈಪು ಎಳೆದ. "ಈಗ ನಡಿ, ಹೇರಿದ ಗಾಡಿನೇ ನಡಿ. ಡಬ್ಬಿ ಮ್ಯಾಲ ನಿಂತ್ರ ರೋಗ ಇಂಜಿನ್‌ದಾಗ ಅದ. ನಿಲ್ಲಲಿಲ್ಲಂದ್ರ ಟ್ಯಾಂಕಿನ್ಯಾಗ ಅದ."

ಗುಡ್ಡದ ದಾರಿ ಹತ್ತಿದರು. ಮಲ್ಲಾಬಾಯಿ ಗಂಟನ್ನು ಎದೆಗೊತ್ತಿಕೊಂಡು ಇಂಜಿನ್ನಿನ ಸದ್ದಿಗೇ ಕಿವಿಗೊಟ್ಟಿದ್ದಳು. ನಿಲ್ಲಬೇಡವೋ ಮಾರಾಯ, ನಿಲ್ಲಬೇಡ. ಲಾರಿ ಒಂದು ಸಲವೂ ಬಿಕ್ಕಲಿಲ್ಲ. ತುದಿ ಮುಟ್ಟಿ ತಿರುಗಿ ಬಂದಿತು. ಬರುವ ದಾರಿಯಲ್ಲೇ ಮಿಲ್ಲಿಗೆ ಭತ್ತ ಇಳಿಸಿದರು. ಗ್ಯಾರೇಜಿನಲ್ಲಿ ಟ್ಯಾಂಕು ಕೆಳಗಿಳಿಸಿ, ಡೀಸೆಲ್ ಸುರುವಿ, ಮಸ್ತಾನಸಾಬ ಕೊಕ್ಕೆ ಹಾಕಿ ಎಳೆದ. ಹಿಡಿಯಷ್ಟು ಒದ್ದೆ ಬಟ್ಟೆ ಹೊರಬಂತು. ಅರ್ಧ ಬಿಚ್ಚಿದ ಗಂಟು. ಒಳಗೆ ಅರಿಶಿನ ಕೊಂಬು, ಅಡಿಕೆ, ಉತ್ತತ್ತಿ. ಟ್ಯಾಂಕಿನ ತಳದಲ್ಲಿ ಅಕ್ಕಿಕಾಳು.

"ತೋಬಾ, ತೋಬಾ!" ಎಂದು ಮುದುಕ ಹಿಂದೆ ಸರಿದ.

ಅಂಬ್ರಪ್ಪನ ಮುಖ ಕಪ್ಪಿಟ್ಟಿತು. "ಮಾಟ! ಮಾಟ ಮಾಡ್ಸ್ಯಾರ! ಇದು ನಿಮ್ಮಣ್ಣ ತಂದ ಖಣ ಅಲ್ಲೇನು? ಹಸರು ಬಣ್ಣ, ಕೆಂಪಂಚು... ಇದ ಖಣ!"

ಖಣ ಅದೇ ಆಗಿತ್ತು. ಆದರೆ ಮಲ್ಲಾಬಾಯಿ ನೋಡುತ್ತಿದ್ದದ್ದು ಗಂಟಿಗೆ ಸುತ್ತಿದ ನೂಲನ್ನು. ಸೀರೆಯ ಸೆರಗಿನಿಂದ ಕಿತ್ತ ನೀಲಿ ಎಳೆ. ತಾನು ಮದುವೆಯಾಗಿ ಬಂದ ದಿನ ಇದೇ ಅಕ್ಕಿ, ಇದೇ ಅರಿಶಿನ, ಇದೇ ಉತ್ತತ್ತಿಯಿಂದ ಅತ್ತೆ ತನ್ನ ಉಡಿ ತುಂಬಿದ್ದಳು. ಆ ಗಂಟಿಗೂ ಅತ್ತೆ ಸ್ವಂತ ಸೆರಗಿನ ಎಳೆಯನ್ನೇ ಕಿತ್ತು ಸುತ್ತಿದ್ದಳು. ಆ ದಿನ ಎಷ್ಟು ಅಕ್ಕರೆಯಿಂದ ತುಂಬಿದ್ದಳು!

"ಕೊಂಕಲ್‌ಗಿ ನಡಿ" ಎಂದು ಅಂಬ್ರಪ್ಪ ಕೂಗಾಡುತ್ತಿದ್ದ. "ಆ ಮಗನ ಕೊರಳಪಟ್ಟಿ ಹಿಡೀತೀನಿ ಇವತ್ತು."

"ಮೊದ್ಲ ಮನಿಗಿ ನಡೀರಿ. ಇದನ್ನ ಅತ್ತಿಗಿ ತೋರ್ಸೋಣು. ಮಾಟ ಹೌದೋ ಅಲ್ಲೋ ಅವ್ರಿಗಿ ಗೊತ್ತಾಗ್ತೈತಿ."

ಅಂಬ್ರಪ್ಪನಿಗೆ ಅದು ಸರಿ ಎನಿಸಿತು. ಇಂಥ ವಿಷಯದಲ್ಲಿ ಅವ್ವನಿಗಿಂತ ತಿಳಿದವರು ಯಾರು?

ಮನೆಯ ಪಡಸಾಲೆಯಲ್ಲಿ ಆ ಬಟ್ಟೆಯನ್ನು ಇಟ್ಟಾಗ ತಿಮ್ಮವ್ವ ಬಗ್ಗಿ ನೋಡಿದಳು. ಮಗ ಮಾಟ ಎನ್ನುವ ಮೊದಲೇ ಬಾಯಿ ತೆರೆದಳು.

"ಅಯ್ಯ, ಇದು ನಾ ತುಂಬಿದ ಉಡಿ! ಯಾಕ ತಗದ್ರಿ?"

"ಏನಂದಿ?"

"ನೀನ ಅಂದೆಲ್ಲೋ ಇದು ಹೊಟ್ಟಿ ಅಂತ. ಆಕಳ ಬಂದ್ರ ತುಂಬ್ತೀವಿ, ಹೊಲಕ್ಕ ತುಂಬ್ತೀವಿ. ಇದೂ ಮನಿಗಿ ಬಂದ ಲಕ್ಷ್ಮಿ. ಬರಿಹೊಟ್ಟಿಲೆ ಯಾವತ್ತೂ ಇರಬಾರ್ದು ಅಂತ ಮರುದಿನ ಮುಚ್ಚಳ ತಗದು ಬಿಟ್ಟೆ. ಇದ್ದಬದ್ದದ್ರಾಗ ಚಲೋ ಖಣನ ತಗದು ಕಟ್ಟಿದ್ದೆ."

ಮರಿಲಿಂಗಪ್ಪ ನಕ್ಕ. ಎತ್ತು ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅಂಬ್ರಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ಲಾರಿಗಿ ಬಯಕಿ ಊಟನೂ ಮಾಡ್ಸಬೇಕಿತ್ತಲ್ಲಬೇ!" ತಿಮ್ಮವ್ವ ಮೊದಲು ಮುಖ ಕೆಂಪಗೆ ಮಾಡಿಕೊಂಡಳು, ಆಮೇಲೆ ಅವಳೂ ನಕ್ಕಳು. ಪಕ್ಕದ ಮನೆಯ ಶಂಕ್ರಮ್ಮ ಬಂದು ಕೇಳಿ ಅವಳೂ ನಕ್ಕಳು. ಸಾಬಣ್ಣ ಮಾಡಿದ್ದರೆ ಮೋಸ, ತಿಮ್ಮವ್ವ ಮಾಡಿದರೆ ನಗೆಚಾಟಿಕೆ. ಇದೆಂಥ ನ್ಯಾಯ ನೋಡಿ!

ಮಲ್ಲಾಬಾಯಿ ನಗಲಿಲ್ಲ. ತನ್ನ ಬಟ್ಟೆಯ ಗಂಟನ್ನು ಕಂಕುಳಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಒಳಗ ಬಾರ ಹುಡುಗಿ, ಯಾಕ ನಿಂತಿ?" ಎಂದಳು ತಿಮ್ಮವ್ವ. "ಆತಲ್ಲ ಇನ್ನ. ನಿಮ್ಮಣ್ಣಗ ಖಬರ್ ಕಳಸು, ಆಯ್ತವಾರ ಊಟಕ್ಕ ಬರ್ಲಿ. ಝುಣಕ ಮಾಡೋಣು."

"ಅವ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋಗ್ಯಾನ್ರಿ ಅತ್ತಿ. ಖಬರ್ ಕಳಿಸಿದ್ರ ಬರಂಗಿಲ್ಲ. ಇವ್ರು ಹೋಗಿ ಅವನ ಬಾಗಿಲದಾಗ ನಿಂತು ಹೇಳ್ಬೇಕು, ತಪ್ಪು ನಮ್ಮದಂತ."

"ಆತಾತು, ನಾಳಿಗಿ ಹೋಗೋಣು" ಎಂದ ಅಂಬ್ರಪ್ಪ.

ಆ ನಾಳೆಗೆ ಕಾಲೇ ಇರಲಿಲ್ಲ. ಲಾರಿ ಈಗ ಏರು ಇಳುಕಲು ಒಂದೂ ನೋಡದೆ ಓಡುತ್ತಿತ್ತು. ಸುಗ್ಗಿಯ ದಿನಗಳು. ಬೋನಾಳ, ಶಹಾಪುರ, ಯಾದಗಿರಿ, ಎಲ್ಲ ಕಡೆ ಹೋಗುತ್ತಿತ್ತು, ಕೊಂಕಲ್ ಒಂದನ್ನು ಬಿಟ್ಟು. ಮಲ್ಲಾಬಾಯಿ ನಸುಕಿನಲ್ಲೆದ್ದು ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದಳು. "ಇವತ್ತರ?" ಎಂದು ಕೇಳುತ್ತಿದ್ದಳು. "ಬಾಡಿಗಿ ಐತಿ, ನಾಳಿಗಿ" ಎನ್ನುತ್ತಿದ್ದ. ಶಂಕ್ರಮ್ಮನ ಮಗಳು ಯಾದಗಿರಿಯ ಸಂತೆಯಲ್ಲಿ ಸಾಬಣ್ಣನನ್ನು ಕಂಡು ಸುದ್ದಿ ಹೇಳಿದ್ದಳಂತೆ. ಅವನು, "ಕಳ್ಳ ಅಂದವ್ರ ಬಂದು ಅಲ್ಲ ಅನ್ಲಿ. ಅಲ್ಲೀತನ ನನಗ ಆ ಊರಿಲ್ಲ" ಎಂದನಂತೆ. ಅಲ್ಲಿಗೆ ಮಲ್ಲಾಬಾಯಿಗೆ ತವರು ಮುಚ್ಚಿತು. ಮನೆಯಲ್ಲಿ ಈಗ ಯಾರೂ ಬೈಯುತ್ತಿರಲಿಲ್ಲ. ಬೈಯದಿರುವುದೇ ಉಪಕಾರ ಎಂಬಂತೆ ಎಲ್ಲರೂ ಉಣ್ಣುತ್ತಿದ್ದರು. ಖಣವನ್ನು ಅವಳು ಸೋಪು ಹಾಕಿ, ಬೂದಿ ಹಾಕಿ ಎಷ್ಟು ತೊಳೆದರೂ ಡೀಸೆಲ್ ವಾಸನೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಅಂಬ್ರಪ್ಪ ಬುತ್ತಿ ಹಿಡಿದು ಹೊರಬಂದಾಗ ಮಲ್ಲಾಬಾಯಿ ಲಾರಿಯ ಪಕ್ಕದಲ್ಲಿ ನಿಂತಿದ್ದಳು. ಟ್ಯಾಂಕಿನ ಮುಚ್ಚಳ ಒಂದು ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಆ ಹಸಿರು ಖಣ, ಟ್ಯಾಂಕಿನ ಬಾಯಿಯ ಮೇಲೆ ತೂಗುತ್ತಿತ್ತು.

"ಏ, ಏ! ಏನ್ ಮಾಡಾಕತ್ತಿ?"

"ಕೇಳಾಕತ್ತೀನ್ರಿ. ಇವತ್ತು ಕೊಂಕಲ್‌ಗಿ ಹೋಗೋದೋ, ಇಲ್ಲಾ ಲಕ್ಷ್ಮಿಗಿ ಮತ್ತ ಉಡಿ ತುಂಬ್ಲ್ಯೋ?"

"ಹುಚ್ಚ ಹಿಡದೈತೇನ? ಬೋನಾಳದಾಗ ಭತ್ತ ಕಾಯಾಕತ್ತೈತಿ!"

"ನಮ್ಮಣ್ಣನೂ ಕಾಯಾಕತ್ತಾನ."

ತಿಮ್ಮವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಬ್ಯಾಡಬೇ ಯವ್ವಾ, ಬಿಡಬ್ಯಾಡ! ಅಂಬ್ರ್ಯಾ, ಹೋಗೋ!" ಉಡಿಯ ಮಹಿಮೆ ಈಗ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಅತ್ತಿ, ನೀವೂ ಹತ್ರಿ" ಎಂದಳು ಮಲ್ಲಾಬಾಯಿ.

"ನಾ ಯಾಕ?"

"ಒಯ್ಯಿ ಅಂದವ್ರು ನೀವು."

ತಿಮ್ಮವ್ವ ಮಗನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಮರಿಲಿಂಗಪ್ಪ ಕಟ್ಟೆಯ ಮೇಲಿನಿಂದ, "ಹತ್ತು ಹತ್ತು. ಎತ್ತಂತೂ ಹೋದ್ವು. ಲಾರಿನೂ ಹೋದ್ರ ನೊಗಕ್ಕ ನಾನೂ ನೀನೂ ಕೊರಳ ಕೊಡಬೇಕು" ಎಂದ. ತಿಮ್ಮವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಏನೋ ಗೊಣಗುತ್ತ, ಮಗನ ಕೈ ಹಿಡಿದು ಲಾರಿ ಹತ್ತಿದಳು.

ಅವಳು ಹತ್ತಿ ಕೂತ ಮೇಲೆಯೇ ಮಲ್ಲಾಬಾಯಿ ಮುಚ್ಚಳ ತಿರುವಿದಳು. ಖಣವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂದು ತವರಿಗೆಂದು ಕಟ್ಟಿದ್ದ ತನ್ನ ಹಳೆಯ ಗಂಟನ್ನೂ ತೆಗೆದುಕೊಂಡು ಮೇಲೇರಿದಳು. ಬೋನಾಳಕ್ಕೆ ತಿರುಗುವ ಕೂಡುರಸ್ತೆಯಲ್ಲಿ ಅಂಬ್ರಪ್ಪ ಗಾಡಿ ನಿಧಾನ ಮಾಡಿದ. ಅವಳ ಕೈ ಸೊಂಟಕ್ಕೆ ಹೋಯಿತು. ಅವನು ಶಹಾಪುರದ ದಾರಿಗೇ ಹೊರಳಿಸಿದ. ಕಾಲುವೆಯ ಸೇತುವೆ, ಏರು, ಇನ್ನೊಂದು ಏರು. ಲಾರಿ ಎಲ್ಲೂ ನಿಲ್ಲಲಿಲ್ಲ. ತಿಮ್ಮವ್ವ ನಡುವೆ ಕೂತು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು. ಸಾಬಣ್ಣನ ಮುಂದೆ ಹೇಳಬೇಕಾದ ಮಾತನ್ನು ಹಾಕಿ ತೆಗೆದು ನೋಡುತ್ತಿದ್ದಳೇನೋ.

ಗುಡ್ಡ ದಾಟಿದ ಮೇಲೆ ಅಂಬ್ರಪ್ಪನ ಕಣ್ಣು ಹೆಂಡತಿಯ ಮಡಿಲಿನ ಗಂಟಿನ ಮೇಲೆ ಬಿತ್ತು. ಇಷ್ಟು ಹೊತ್ತಿಗೆ ಅವನಿಗೆ ಅದು ಕಂಡಿತು.

"ಮಲ್ಲೀ, ಮಾತು ಮುಗದ ಮ್ಯಾಲ ಸಂಜಿಗಿ ನಮ್ ಜೋಡಿ ತಿರುಗಿ ಬರ್ತಿಯಲ್ಲ?"

ಮಲ್ಲಾಬಾಯಿ ಗಂಟಿನ ಮೇಲಿಟ್ಟ ಕೈ ತೆಗೆಯಲಿಲ್ಲ.

"ಮೊದ್ಲ ಅಲ್ಲಿಗಿ ಮುಟ್ರಿ" ಎಂದಳು.